ಹೀರಾಳ ಸಿಟ್ಟು, ಕಿಶನನ ಮಿಸೊ ಸಾರು

ಟಕ್.

ಮೊದಲ ನೆತ್ತಲಿಯ ತಲೆ ಮುರಿದಾಗ ಹೀರಾ ಸುಮ್ಮನಿದ್ದಳು. ಗಿರಾಕಿ ಅಂದಮೇಲೆ ಮುಟ್ಟುತ್ತಾನೆ, ಮೂಸುತ್ತಾನೆ... ಸಂತೆಯಲ್ಲಿ ಇದೆಲ್ಲ ಇದ್ದದ್ದೇ.

ಟಕ್. ಟಕ್.

ಎರಡನೆಯ ಮೀನಿನ ತಲೆಯೂ ಹೋಯಿತು. ಮೂರನೆಯದರ ತಲೆಯ ಬೆನ್ನಿಗೆ ಹೊಟ್ಟೆಯೂ ಹೋಯಿತು. ನಾಲ್ಕನೆಯದಕ್ಕೆ ಅವನು ಕೈ ಹಾಕಿದಾಗ ಕೆಟ್ಟದ್ದು ಹೀರಾಳ ತಲೆ!

ಕಾರವಾರದ ಭಾನುವಾರದ ಸಂತೆಯಲ್ಲಿ ಒಣಮೀನು ಮಾರುವ ಹೆಂಗಸರದ್ದೇ ಒಂದು ಸಾಲು, ಆ ಸಾಲಿಗೊಂದು ಕಟ್ಟುಪಾಡು. ಮೀನನ್ನು ಮೂಸಬಹುದು, ಒತ್ತಿ ನೋಡಬಹುದು, ಮರಳು ಇದೆಯೇ ಎಂದು ಕೊಡವಲೂಬಹುದು. ಆದರೆ ತಲೆ ಮುರಿದು ಬುಟ್ಟಿಯ ಮುಂದೆ ಎಸೆಯುವಂತಿಲ್ಲ. ಎಸೆದರೆ, 'ಇವಳ ಮೀನು ಒಳಗೆ ಕೊಳೆತಿದೆ' ಎಂದು ಇಡೀ ಸಂತೆಗೆ ಡಂಗುರ ಹೊಡೆದ ಹಾಗೆ. ಈ ಮಹಾಶಯನೋ, ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಮನೆಯ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುವವನಂತೆ ತಲೆಗಳ ರಾಶಿ ಹಾಕುತ್ತಿದ್ದ. ಬುಟ್ಟಿಯ ಹತ್ತಿರ ಬಂದಿದ್ದ ಇಬ್ಬರು ಹೆಂಗಸರು ಆ ರಾಶಿ ನೋಡಿ ಪಕ್ಕದ ಬುಟ್ಟಿಗೆ ಸರಿದರು.

"ಎಂತಾ ಮಾಡ್ತಿದ್ರಿ ನೀವು?" ಹೀರಾ ಕೇಳಿದಳು.

ಇಲ್ಲೊಂದು ವಿಷಯ ಹೇಳಲೇಬೇಕು. ಹೀರಾ ತನ್ನ ಓರಗೆಯವರನ್ನು ಮೊದಲ ಮಾತಿಗೇ 'ನೀನು' ಅನ್ನುವವಳು. 'ನೀವು' ಬರುವುದು ಸಿಟ್ಟು ಬಂದಾಗ ಮಾತ್ರ. ಸಿಟ್ಟು ಏರಿದಷ್ಟೂ ಅವಳ ಬಾಯಲ್ಲಿ ಮರ್ಯಾದೆ ಏರುತ್ತದೆ. ಅವಳ ಊರು ಹಾರವಾಡದಲ್ಲಿ ಇದು ಎಲ್ಲರಿಗೂ ಗೊತ್ತು. ಪಾಪ, ಇವನಿಗೆ ಗೊತ್ತಿರಲಿಲ್ಲ.

"ತಲೆ ತೆಗೀತಿದ್ದೆ. ತಲೆ ಇದ್ರೆ ಸಾರು ಕಹಿ ಆಗ್ತದೆ," ಅವನು ನಗುತ್ತ ಹೇಳಿದ.

"ನಿಮ್ಮ ತಲೆ ಕಂಡ್ರೇ ಗೊತ್ತಾಗ್ತದೆ, ನಿಮ್ಮನೆ ಸಾರು ಯಾಕೆ ಕಹಿ ಅಂತ."

ಪಕ್ಕದಲ್ಲಿ ಬಸಳೆ ಮಾರುತ್ತಿದ್ದ ಹೊನ್ನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೀರಾ ಅಷ್ಟಕ್ಕೇ ಬಿಡುವವಳಲ್ಲ. ಇಲ್ಲದ ಹೆಲ್ಮೆಟ್ಟನ್ನು ಮೊಣಕೈಗೆ ಏರಿಸಿ, ಮೂಗಿನಲ್ಲಿ ದನಿ ತೆಗೆದು, 'ತಲೆ ಇದ್ರೆ ಸಾರು ಕಹಿ ಆಗ್ತದೆ' ಎಂದು ಅವನ ಹಾಗೇ ಅಂದು ತೋರಿಸಿದಳು. ಸಾಲಿಗೆ ಸಾಲೇ ನಕ್ಕಿತು.

ಅವನೂ ನಕ್ಕ! ಹೀರಾಳ ಮೈ ಉರಿದದ್ದು ಅದಕ್ಕೇ.

ಹೊನ್ನು ಅವನಿಗೆ ಮೆಲ್ಲಗೆ ಕಟ್ಟುಪಾಡು ತಿಳಿಸಿದಾಗ ಮಾತ್ರ ನಗು ನಿಂತಿತು. ಕಿವಿಯವರೆಗೂ ಕೆಂಪಾದ. ತಲೆಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ಎದ್ದು ನಿಂತು, ಇಂಥ ಒಳ್ಳೆಯ ನೆತ್ತಲಿ ತನಗೆ ಗೋವೆಯಲ್ಲೂ ಸಿಕ್ಕಿಲ್ಲ, ಇಡೀ ಬುಟ್ಟಿ ತನಗೇ ಬೇಕು ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದ.

"ಮುರಿದದ್ದು ಮಾತ್ರ ತಗಂಡು ಹೋಗಿ," ಹೀರಾ ಅಂದಳು. "ಉಳಿದದ್ದಕ್ಕೆ ತಲೆ ಇದೆ. ಅದು ನಿಮ್ಮ ಜೊತೆ ಬರೂದಿಲ್ಲ."

ಹೀಗಿತ್ತು ನೋಡಿ, ಮೊದಲ ಭೇಟಿ.

ಅವನು ಮಾಜಾಳಿಯ ಕಿಶನ. ದಿನಾ ಗಡಿ ದಾಟಿ ಗೋವೆಯ ಒಂದು ಹೋಟೆಲಿಗೆ ಹೋಗಿ, ಅಲ್ಲಿ ಜಪಾನಿ ಅಡುಗೆ ಮಾಡುವವನು. ಇದೆಲ್ಲ ಹೀರಾಳಿಗೆ ತಿಳಿದದ್ದು ಮುಂದಿನ ಭಾನುವಾರ, ಅವನು ಮತ್ತೆ ಬಂದು ಎದುರಿಗೆ ಕೂತು, 'ಮುಟ್ಲಾ?' ಎಂದು ಕೇಳಿ ಬುಟ್ಟಿಗೆ ಕೈ ಇಟ್ಟಾಗ. ಅದರ ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ... ಪ್ರತಿ ಸಲ ಒಂದು ಜಗಳ, ಒಂದು ಅಣಕ, ಒಂದು ಕಟ್ಟು ನೆತ್ತಲಿ.

ಬರಬರುತ್ತ ಹೀರಾ ಅವನನ್ನು 'ನೀನು' ಅನ್ನತೊಡಗಿದಳು. ಅದು ಹೊನ್ನುವಿನ ಕಿವಿಗೆ ಬಿತ್ತು. ಹೀರಾಳ ಕಿವಿಗೇ ಬಿದ್ದಿರಲಿಲ್ಲ.

*

ಹೀರಾಳ ಆಯಿ ಮೀನು ಬಿಟ್ಟಿದ್ದಳು.

ಕಡಲ ಮಕ್ಕಳ ಮನೆಯಲ್ಲಿ ಇದೇನು ಸಣ್ಣ ಮಾತೇ? ಹೋದ ವರ್ಷ ಹೀರಾಳ ಅಪ್ಪ ಬಾಬು ಹೋಗಿದ್ದ ಟ್ರಾಲರ್ ಗಾಳಿಗೆ ಸಿಕ್ಕು ದಿಕ್ಕು ತಪ್ಪಿತ್ತು. ಬೈತಖೋಲದ ಬಂದರಿನಲ್ಲಿ ಕಾದು ಕಾದು ಕಣ್ಣು ಬತ್ತಿದ ಆಯಿ, ಹಾರವಾಡದ ದಂಡೆಯ ದೇವಿಗೆ ಹೇಳಿಕೊಂಡಳು. ಗಂಡ ಜೀವಂತ ಬರಲಿ, ಬರುವ ವರ್ಷ ಕಡಲಿಗೆ ತೆಂಗಿನಕಾಯಿ ಬಿಡುವ ಹುಣ್ಣಿಮೆಯವರೆಗೆ ಮೀನನ್ನು ನಾಲಿಗೆಗೆ ಸೋಕಿಸುವುದಿಲ್ಲ. ಬಾಬು ಬಂದ. ಮೀನು ಹೋಯಿತು.

ಆಯಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಗಂಡನಿಗೂ ಮಗಳಿಗೂ ತಾನೇ ಮೀನುಸಾರು ಕುದಿಸುತ್ತಾಳೆ. ರುಚಿ ನೋಡುವಂತಿಲ್ಲ, ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲ ಕೈಯ ಅಂದಾಜಿನಲ್ಲೇ. ತನಗೆ ಮಾತ್ರ ಎರಡು ತುತ್ತು ಗಂಜಿ. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಬಾಬು ಮತ್ತೆ ಕಡಲಿಗೆ ಹೋದಾಗಲೆಲ್ಲ ಅವನ ಜೀವ ತನ್ನ ನಾಲಿಗೆಯ ಮೇಲೇ ಇದೆ ಎಂದು ಆಯಿ ನಂಬಿದ್ದಳು. ಆಯಿ ಹೀಗೇ ಸೊರಗಿದರೆ ಹುಣ್ಣಿಮೆ ಕಾಣುತ್ತಾಳೆಯೇ... ಹೀರಾಳನ್ನು ಒಳಗೊಳಗೇ ತಿನ್ನುತ್ತಿದ್ದುದು ಇದೇ.

ಒಂದು ಭಾನುವಾರ ಸಂತೆಗೆ ಬಂದಿದ್ದ ಆಯಿಯನ್ನು ಕಿಶನ ಮಾತಾಡಿಸಿದ. ವ್ರತದ ಕತೆ ಕೇಳಿ, ಜಪಾನಿನವರದ್ದೊಂದು ಸಾರಿದೆ, ತರಕಾರಿಯದ್ದೇ, ಆದರೆ ಬಾಯಿಗೆ ಮೀನುಂಡ ತೃಪ್ತಿ ಕೊಡುತ್ತದೆ ಎಂದ. ಹೋಟೆಲಿನಲ್ಲಿ ಅದರ ನೀರನ್ನು ಒಣಮೀನು ಹಾಕಿ ಕುದಿಸುತ್ತಾರೆ, ಆಯಿಗೆ ಕಡಲಪಾಚಿ ನೆನೆಸಿದ ನೀರಲ್ಲಿ ಮಾಡಿದರಾಯಿತು. ಹೆಸರು ಮಿಸೊ.

"ಮೀಸೆ ಸಾರೋ?" ಆಯಿ ಅವನ ಬೋಳು ಮೇಲ್ದುಟಿ ನೋಡಿದಳು. "ನಿಂಗೇ ಇಲ್ಲ ಮಗಾ, ಸಾರಿಗೆ ಎಲ್ಲಿಂದ ತರ್ತಿ?"

ಅಂತೂ ಸೋಮವಾರ, ಅವನ ರಜೆಯ ದಿನ, ಆಯಿಯೇ ಅವನನ್ನು ಹಾರವಾಡಕ್ಕೆ ಕರೆದಳು.

ಕಿಶನ ಬಂದ. ಅಂಗೈಯಷ್ಟು ಡಬ್ಬದಲ್ಲಿ ಕಂದು ಬಣ್ಣದ ಮೆತ್ತನೆಯ ಮಿಸೊ ಹಿಟ್ಟು ತಂದಿದ್ದ. ಸೋಯಾ ಕಾಳನ್ನು ಉಪ್ಪು, ಅಕ್ಕಿಯ ಹುದುಗಿನ ಜೊತೆ ತಿಂಗಳುಗಟ್ಟಲೆ ಕೊಳೆಯಲು ಬಿಟ್ಟದ್ದು ಎಂದು ಅವನು ಹೇಳಿದಾಗ, ಕೊಳೆತದ್ದನ್ನು ತಿನ್ನಿಸಲು ಗಡಿ ದಾಟಿ ಬರಬೇಕಿತ್ತೇ ಎಂದು ಹೀರಾ ಕೇಳಿದಳು. ಆದರೂ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು. ಅವನು ಕಡಲಪಾಚಿಯನ್ನು ನೀರಲ್ಲಿ ನೆನೆಸಿಟ್ಟ. ಮೂಲಂಗಿಯನ್ನು ಅರ್ಧಚಂದ್ರ ಮಾಡಿದ. ಸಿಹಿಗುಂಬಳ, ಗಜ್ಜರಿ, ಕೊನೆಗೆ ಹೊನ್ನು ಕೊಟ್ಟಿದ್ದ ಬಸಳೆ. ಅವನ ಕೈ ಆಡುವುದನ್ನು ನೋಡುತ್ತ ನೋಡುತ್ತ ಹೀರಾಳಿಗೆ ಒಂದು ಕ್ಷಣ ಉಸಿರು ತಪ್ಪಿತು...

'ಥೂ, ಮೂಲಂಗಿ ಹೆಚ್ಚೂದನ್ನ ನೋಡಿ ಯಾರಿಗಾದ್ರೂ ಹೀಗೆ ಆಗ್ತದಾ?' ಎಂದು ತನ್ನನ್ನೇ ಬೈದುಕೊಂಡು, ಅಂಗಳದ ಮೀನಿಗೆ ಕಾಗೆ ಬಂತೆಂಬ ನೆಪ ಮಾಡಿ ಹೊರಗೆ ಓಡಿದಳು.

ತರಕಾರಿ ಬೆಂದಮೇಲೆ ಬೆಂಕಿ ಆರಿಸಬೇಕು. ಆಮೇಲೆ ಸೌಟಿನಲ್ಲೇ ಮಿಸೊ ಕದಡಿ ಬೆರೆಸಬೇಕು. ಮತ್ತೆ ಕುದಿಸಿದರೆ ರುಚಿ ಸತ್ತುಹೋಗುತ್ತದೆ. ಇದನ್ನೆಲ್ಲ ಕಿಶನ ಆಯಿಗೆ ವಿವರಿಸುತ್ತಿದ್ದುದು ಅಂಗಳಕ್ಕೂ ಕೇಳುತ್ತಿತ್ತು. ಕೈ ತೊಳೆಯಲು ಅವನು ಹಿತ್ತಲಿಗೆ ಹೋದದ್ದೂ, ಮರಳಿ ಬಂದದ್ದೂ ಕೇಳಿತು.

ಆಮೇಲೆ ಒಮ್ಮೆಲೇ ಮಾತು ನಿಂತಿತು.

ಹೀರಾ ಒಳಗೆ ಬರುವಷ್ಟರಲ್ಲಿ ಕಿಶನ ಪಾತ್ರೆ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೊರಟಿದ್ದ. ಮುಖ ಬಿಳುಚಿತ್ತು. "ಇದು ಕೆಟ್ಟುಹೋಯ್ತು. ಚೆಲ್ಲಿ ಮತ್ತೆ ಮಾಡ್ತೆ," ಎಂದ.

ಆಯಿಯ ಮುಖ ಬಾಡಿತು. ಎಷ್ಟೋ ತಿಂಗಳ ನಂತರ ತಟ್ಟೆ ಎದುರಿಗಿಟ್ಟುಕೊಂಡು ಕೂತಿದ್ದಳು. ಅದನ್ನು ಕಂಡ ಹೀರಾ ಮೀನ ಮೇಷ ಎಣಿಸಲಿಲ್ಲ. ದೊಡ್ಡ ಹೋಟೆಲಿನ ಚೆಲ್ಲುವ ಶೋಕಿ ಈ ಮನೆಯಲ್ಲಿ ನಡೆಯುವುದಿಲ್ಲ ಎಂದು ಅವನ ಕೈಯಿಂದ ಪಾತ್ರೆ ಕಸಿದು ಆಯಿಗೆ ಬಡಿಸಿಯೇ ಬಿಟ್ಟಳು. ಕಿಶನ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆಯಿ ಮೊದಲ ಗುಟುಕು ಕುಡಿದಾಗಿತ್ತು.

ಆಯಿ ಕಣ್ಣು ಮುಚ್ಚಿದಳು. ಕಣ್ಣಂಚಿನಲ್ಲಿ ನೀರು. ತಟ್ಟೆ ಮುಂದೆ ಚಾಚಿ, ಇನ್ನಷ್ಟು ಹಾಕು ಎಂದಳು. ಅನ್ನ ಕಲಸಿದಳು, ಸುರಿದಳು, ತಟ್ಟೆ ಬಳಿದಳು. ಜೀವ ಬಂತು ಮಗಾ, ಕಡಲೇ ಬಾಯಿಗೆ ಬಂದ ಹಾಗಾಯ್ತು ಎಂದು ಕಿಶನನ ತಲೆ ಸವರಿದಳು.

ಹೀರಾಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನಿಜವಾಗಿಯೂ ಅನಿಸಿತು! ಅದನ್ನು ಅಡಗಿಸಲು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ನಡೆದು, ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ನೆಕ್ಕಿದಳು.

ಶೆಟ್ಲಿ.

ಹುರಿದು ಪುಡಿ ಮಾಡಿದ ಒಣ ಶೆಟ್ಲಿ! ಹುಟ್ಟಿದಾಗಿನಿಂದ ಸಿಗಡಿ ಒಣಗಿಸಿದವಳ ನಾಲಿಗೆಗೆ ಯಾವ ದೇಶದ ಹಿಟ್ಟೂ ಅದನ್ನು ಮುಚ್ಚಿಡಲಾರದು. ದಿನವಿಡೀ ನಶ್ಯ ಏರಿಸುವ ಆಯಿಯ ಮೂಗಿಗೆ ಅದು ತಿಳಿಯದಿದ್ದರೆ ಅಚ್ಚರಿಯೇನಿಲ್ಲ. ಆದರೆ ವ್ರತ? ಅಪ್ಪ ಈಗ ಕಡಲ ಮೇಲಿದ್ದಾನೆ...

ಅವಳು ತಲೆ ಎತ್ತಿದಳು. ಕಿಶನ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

"ಇದರಲ್ಲಿ ಶೆಟ್ಲಿ ಇದೆ. ಯಾರು ಹಾಕಿದ್ರು?" ಹೀರಾಳ ದನಿ ಪಿಸುಮಾತಿನಷ್ಟು ಸಣ್ಣದಾಗಿತ್ತು.

ಅವನು ಒಮ್ಮೆ ಒಳಗೆ ನೋಡಿದ. ಆಯಿ ತನ್ನಷ್ಟಕ್ಕೆ ಏನೋ ಗುನುಗುತ್ತ ತಟ್ಟೆ ತೆಗೆಯುತ್ತಿದ್ದಳು.

"ನಾನೇ," ಎಂದ.

"ಎಂತಕ್ಕೆ?"

"ರುಚಿಗೆ."

ಸಿಟ್ಟು ಬಂದಾಗ ಹೀರಾ ಕೂಗುತ್ತಾಳೆ, ಅಣಕಿಸುತ್ತಾಳೆ. ಅಂದು ಎರಡೂ ಮಾಡಲಿಲ್ಲ. ಹೊಗಳಿಸಿಕೊಳ್ಳುವ ಚಪಲಕ್ಕೆ ಒಬ್ಬಳ ವ್ರತ ಮುರಿದಿರಿ, ಕೊನೆಗೆ ಹೆದರಿ ಚೆಲ್ಲಲು ಹೊರಟಿರಿ, ಆದರೆ ಬಾಯಿಬಿಡುವ ಧೈರ್ಯ ಬರಲಿಲ್ಲ, ಅದನ್ನು ನನ್ನ ಕೈಯಿಂದಲೇ ಬಡಿಸಿದಿರಿ ಎಂದು ಒಂದೊಂದೇ ಮಾತನ್ನು ಮೊಳೆಯಂತೆ ಹೊಡೆದಳು.

"ತಾವು ಇನ್ನು ನಮ್ಮನೆಗೆ ಬರೂದು ಬೇಡ," ಅಂದಳು ಕೊನೆಗೆ. "ಸಂತೆಗೂ ಬರೂದು ಬೇಡ."

ತಾವು! ಹೀರಾಳ ಬಾಯಲ್ಲಿ ಆ ಮಾತು ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ. ಅದಕ್ಕಿಂತ ಮೇಲಿನ ಸಿಟ್ಟು ಅವಳಲ್ಲಿ ಇರಲಿಲ್ಲ.

*

ಬಾಬು ಸುಖವಾಗಿ ದಡ ಸೇರಿದ. ಮತ್ತೆ ಹೋದ, ಮತ್ತೆ ಬಂದ. ಒಂದೊಂದು ಸಲ ದೋಣಿ ತಡವಾದಾಗಲೂ ಹೀರಾ ಹಲ್ಲು ಕಚ್ಚಿಕೊಂಡು ಕಿಶನನನ್ನು ಶಪಿಸಿದಳು. ಆಯಿಗೆ ಏನೂ ಹೇಳಲಿಲ್ಲ. ಹೇಳಿದರೆ ಆಯಿ ಒಡೆದುಹೋಗುತ್ತಾಳೆ. ಹೇಳದಿದ್ದರೆ ತನ್ನ ಎದೆ ಒಡೆಯುತ್ತದೆ...

ಭಾನುವಾರಗಳು ಬಂದವು. ಕಿಶನ ಬರಲಿಲ್ಲ. ಬರಬೇಡಿ ಅಂದರೆ ಬರದೇ ಇರುವುದೇ? ಅದಕ್ಕೂ ಅವಳಿಗೆ ಸಿಟ್ಟು ಬಂತು. ಹೆಲ್ಮೆಟ್ ಹಿಡಿದು ಯಾರೇ ಕುಕ್ಕರಗಾಲಲ್ಲಿ ಕೂತರೂ ಎದೆ ಹಾರುವುದು, ಮುಖ ನೋಡಿದಮೇಲೆ ಉರಿಯುವುದು. ನಿನ್ನ ಮೀನಿಗಿಂತ ನಿನ್ನ ಮುಖವೇ ಹೆಚ್ಚು ಒಣಗಿದೆ ಎಂದು ಹೊನ್ನು ಅಂದದ್ದಕ್ಕೆ ಅವಳೊಡನೆಯೂ ಜಗಳವಾಯಿತು.

ಮನೆಯಲ್ಲಿ ಆಯಿಯದ್ದು ಒಂದೇ ರಾಗ. ಆ ಮಾಜಾಳಿ ಹುಡುಗ ಯಾಕೆ ಬರಲಿಲ್ಲ, ಆ ಮೀಸೆ ಸಾರು ಮತ್ತೆ ಯಾವಾಗ? ಗಂಜಿ ಮತ್ತೆ ಎರಡು ತುತ್ತಿಗೆ ಇಳಿದಿತ್ತು.

ಕೊನೆಗೊಂದು ಸೋಮವಾರ ಮಧ್ಯಾಹ್ನ ಹೀರಾ ಅವನು ಬಿಟ್ಟುಹೋಗಿದ್ದ ಡಬ್ಬ ತೆಗೆದಳು. ಅವನಿಲ್ಲದಿದ್ದರೆ ಸಾರು ಆಗದೇ? ಶೆಟ್ಲಿ ಹಾಕದೆ, ವ್ರತ ಕೆಡಿಸದೆ, ಇದೇ ಸಾರನ್ನು ಆಯಿಗೆ ತಾನೇ ಉಣಿಸಿ ತೋರಿಸಬೇಕು. ಉಳಿದಿದ್ದ ಕಡಲಪಾಚಿ ನೆನೆಸಿದಳು. ಮೂಲಂಗಿಯನ್ನು ಅರ್ಧಚಂದ್ರ ಮಾಡಹೋಗಿ ಬೆರಳು ಕೊಯ್ದುಕೊಂಡಳು, ಅದಕ್ಕೂ ಅವನನ್ನೇ ಬೈದಳು. ತರಕಾರಿ ಬೇಯಿಸಿ, ಬೆಂಕಿ ಆರಿಸಿ, ಸೌಟಿನಲ್ಲಿ ಮಿಸೊ ಕದಡಿ ಬೆರೆಸಿದಳು. ಆಯಿ ಪಕ್ಕದಲ್ಲೇ ಕೂತು, ಬಾಬುವಿನ ಕಾಲುನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಹೇಳುತ್ತಿದ್ದಳು.

ಹೇಳುತ್ತ ಹೇಳುತ್ತಲೇ ಆಯಿಯ ಕೈ ಮೇಲೆ ಹೋಯಿತು.

ಕಪಾಟಿನ ಮೂಲೆಯ ಡಬ್ಬ ಇಳಿಯಿತು. ಮುಚ್ಚಳ ತೆರೆಯಿತು. ಮೂರು ಬೆರಳು ಒಳಗೆ ಹೋಗಿ, ಒಂದು ಚಿಟಿಕೆ ಎತ್ತಿ, ಅಂಗೈಯಲ್ಲಿ ತಿಕ್ಕಿ, ಸಾರಿನ ಮೇಲೆ ಉದುರಿಸಿತು. ಮುಚ್ಚಳ ಮುಚ್ಚಿತು. ಡಬ್ಬ ಮೂಲೆ ಸೇರಿತು. ಎಣ್ಣೆಯ ಮಾತು ನಿಂತಿರಲೇ ಇಲ್ಲ.

ಬಾಬುವಿಗಾಗಿ ಇಟ್ಟ ಶೆಟ್ಲಿ ಪುಡಿಯ ಡಬ್ಬ ಅದು. ಮದುವೆಯಾಗಿ ಬಂದಾಗಿನಿಂದ ಒಲೆಯಿಂದ ಇಳಿಸಿದ ಪ್ರತಿ ಸಾರಿಗೂ ಆಯಿ ಕೊನೆಯಲ್ಲಿ ಉದುರಿಸುತ್ತಿದ್ದ ಚಿಟಿಕೆ. ವ್ರತ ಹಿಡಿದದ್ದು ಆಯಿಯ ನಾಲಿಗೆ. ಕೈಗೆ ಯಾರೂ ಹೇಳಿರಲಿಲ್ಲ. ರುಚಿ ನೋಡದೆ ಅಡುಗೆ ಮಾಡಿ ಮಾಡಿ, ಆ ಕೈ ಈಗ ಆಯಿಯನ್ನು ಕೇಳುವುದನ್ನೂ ಬಿಟ್ಟಿತ್ತು.

ಹೀರಾ ಸೌಟು ಹಿಡಿದು ಕಲ್ಲಾದಳು.

'ನಾನೇ.' 'ರುಚಿಗೆ.' ಒಳಗೆ ನೋಡಿದ ಆ ಒಂದು ನೋಟ. ಪಾತ್ರೆ ಹಿಡಿದು ಓಡುತ್ತಿದ್ದ ಆ ಬಿಳುಚಿದ ಮುಖ... ಚೆಲ್ಲಲು ಹೊರಟವನ ಕೈಯಿಂದ ಕಸಿದು ಬಡಿಸಿದವಳು ತಾನು!

"ಯಾಕೆ ಹೀರಾ, ಹಾಗೆ ನಿಂತೆ?" ಆಯಿ ಕೇಳಿದಳು.

ಹೇಳಬೇಕೆಂದು ಬಾಯಿ ತೆರೆದ ಹೀರಾ, ಆ ಸೊರಗಿದ ಮುಖ ನೋಡಿ ಬಾಯಿ ಮುಚ್ಚಿದಳು. ಅಂದು ಅವನೂ ಹೀಗೇ ನಿಂತಿರಬೇಕು ಎಂದು ಹೊಳೆಯಿತು. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಸುಳ್ಳು ಹೇಳಿ ಆ ಪಾತ್ರೆ ಸರಿಸಿಟ್ಟಳು. ಶೆಟ್ಲಿ ಡಬ್ಬವನ್ನು ಅಟ್ಟಕ್ಕೆ ಏರಿಸಿದಳು. ಹೊಸದಾಗಿ ಸಾರು ಮಾಡಿ, ಆಯಿಯ ಎರಡೂ ಕೈಗೆ ಸುಲಿಯಲು ಬೆಳ್ಳುಳ್ಳಿ ಕೊಟ್ಟು ಕೂರಿಸಿ, ಆಮೇಲೆ ಬಡಿಸಿದಳು.

ಆಯಿ ಕುಡಿದು, ಹೋದ ಸಲದಷ್ಟಿಲ್ಲ, ಆದರೂ ಚಲೋ ಇದೆ ಎಂದಳು. ತಟ್ಟೆ ಖಾಲಿಯಾಯಿತು.

ಸರಿಸಿಟ್ಟ ಸಾರನ್ನು ಹೀರಾ ಸ್ಟೀಲಿನ ಡಬ್ಬಿಗೆ ಸುರಿದುಕೊಂಡು, ಒಂದು ತೆಂಗಿನಕಾಯಿ ಹಿಡಿದು, ಕಾರವಾರದ ಬಸ್ಸು ಹತ್ತಿದಳು. ಅಲ್ಲಿಂದ ಮಾಜಾಳಿಗೆ.

ಸಿಟ್ಟು ಇಳಿದಿತ್ತು ಅಂದುಕೊಂಡಿರಾ? ಕಾಳಿ ಸೇತುವೆ ದಾಟುವಾಗ ಇನ್ನೂ ಏರಿತ್ತು.

*

ಕಿಶನನ ಮನೆಯ ಅಂಗಳಕ್ಕೆ ಕಾಲಿಡುವ ಮೊದಲೇ ಮೂಗಿಗೆ ಬಡಿದದ್ದು ನೆತ್ತಲಿ. ಜಗಲಿಯ ಬಿದಿರ ಗಳುವಿಗೆ ಕಟ್ಟು ಕಟ್ಟಾಗಿ ತೂಗಿತ್ತು. ಕಟ್ಟಿದ ದಾರ ಹೀರಾಳದ್ದೇ, ಗಂಟೂ ಅವಳದ್ದೇ. ಅವನ ತಾಯಿ ಸಂಧ್ಯಾ, ಇವಳು ಯಾರೆಂದು ಕೇಳುವ ಮೊದಲೇ ದೂರು ಶುರುಮಾಡಿದಳು. ಹೋಟೆಲಿಗೆ ಬೇಕಾದದ್ದು ಒಂದೇ ಸಲ, ಇವನು ಮಾತ್ರ ಭಾನುವಾರ ಬಂತೆಂದರೆ ಸಂತೆಗೆ ಓಡುತ್ತಿದ್ದ, ಈ ಮೀನು ಕಂಡರೆ ಈಗ ಬೆಕ್ಕೂ ಮುಖ ತಿರುಗಿಸುತ್ತದೆ ಎಂದಳು.

ಒಳಗಿನಿಂದ ಬಂದ ಕಿಶನ ಹೀರಾಳನ್ನು ಕಂಡು ಬಾಗಿಲಲ್ಲೇ ನಿಂತ.

ಅವಳು ಡಬ್ಬಿಯನ್ನು ಜಗಲಿಯ ಮೇಲೆ ಕುಕ್ಕಿದಳು. "ಕುಡೀರಿ."

ಅವನು ಒಂದು ಗುಟುಕು ಕುಡಿದ. ನಾಲಿಗೆ ನಿಂತಿತು, ಕಣ್ಣು ಮೇಲೆದ್ದಿತು. ಅದೇ ಶೆಟ್ಲಿ; ಆಯಿಯ ಕೈಯನ್ನು ಹೀರಾ ಕಂಡಿದ್ದಾಳೆಂದು ತಿಳಿದುಹೋಯಿತು. ಸಂಧ್ಯಾಳಿಗೂ ಏನೋ ತಿಳಿದಿರಬೇಕು, ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು.

"ನಂಗಾದ್ರೂ ಹೇಳ್ಬೇಕಿತ್ತು," ಹೀರಾ ಅವನ ಎದುರಿಗೆ ಬಂದು ನಿಂತಳು. "ನಮ್ಮನೆ ಗುಟ್ಟು ನಿಮ್ಮ ಹೊಟ್ಟೇಲಿ ಇಟ್ಕಂಡು, ನನ್ನ ಕೈಯಲ್ಲಿ ಬೈಸ್ಕಂಡು, ದೊಡ್ಡ ಮನುಷ್ಯ ಆಗೂಕೆ ನಿಮ್ಗೆ ಯಾರು ಹೇಳಿದ್ರು?"

"ನಿನ್ನ ಮುಖದಲ್ಲಿ ಏನೂ ಅಡಗೂದಿಲ್ಲ ಹೀರಾ. ನಿಂಗೆ ಹೇಳಿದ್ರೆ ಆಯಿ ಆ ಕ್ಷಣವೇ ತಿಳ್ಕಂಬಿಡ್ತಿದ್ರು. ಬಾಬುಮಾಮ ಕಡಲಲ್ಲಿದ್ರು. ಅವರು ಬರೂವರೆಗೆ ಆಯಿ ಬದುಕ್ತಿದ್ರಾ?" ಅವನು ತಲೆ ತಗ್ಗಿಸಿದ. "ನನ್ನ ಮೇಲೆ ಸಿಟ್ಟಾದ್ರೆ ಆಗ್ಲಿ ಅಂದ್ಕಂಡೆ. ಸಿಟ್ಟಾದ್ರೆ ನೀ ಅಳೂದಿಲ್ಲ."

"ಅತ್ತಿದ್ದೆ," ಹೀರಾ ಅಂದಳು. "ದಿನಾ ಅತ್ತಿದ್ದೆ. ನಿಮ್ಗೆ ಎಂತಾ ಗೊತ್ತು?"

ಈಗಲೂ ಅಳುತ್ತಿದ್ದಳು. ಅಳುತ್ತಲೇ ಗಳುವಿನ ಕಡೆ ಕೈ ಮಾಡಿ, ಈ ಮೀನೆಲ್ಲ ಯಾಕೆ ಎಂದು ಕೇಳಿದಳು. ಕಿಶನನ ಕಿವಿ ಕೆಂಪಾಯಿತು, ಮೊದಲ ದಿನ ಸಂತೆಯಲ್ಲಿ ಆದ ಹಾಗೇ.

"ಬೈಸ್ಕಳೂಕೆ," ಎಂದ. "ವಾರಕ್ಕೊಮ್ಮೆ ನಿನ್ನ ಬಾಯಿಂದ ಬೈಸ್ಕಳದಿದ್ರೆ ನಂಗೆ ಊಟ ಸೇರೂದಿಲ್ಲ. ಮದುವೆ ಆದ್ರೆ ದಿನಾ ಬೈಬಹುದಲ್ಲ ಅಂತ... ಕೇಳ್ಬೇಕಂತಿದ್ದೆ. ಆ ಸೋಮವಾರವೇ."

ಹೀರಾ ಕಣ್ಣೊರೆಸಿಕೊಂಡಳು. ತೆಂಗಿನಕಾಯಿಯನ್ನು ಅವನ ಕೈಗೆ ತುರುಕಿ, ಬೈಕು ತೆಗೆಯಲು ಹೇಳಿದಳು.

ಹಾರವಾಡದ ದಂಡೆಯ ಗುಡಿ ತಲುಪಿದಾಗ ಬಿಸಿಲು ಇನ್ನೂ ಇತ್ತು. ಆಯಿಗೆ ಗೊತ್ತಿಲ್ಲದೆ ಆದ ತಪ್ಪು ಆಯಿಗೆ ಗೊತ್ತಿಲ್ಲದೆಯೇ ಮುಗಿಯಲಿ ಎಂದು ದಾರಿಯಲ್ಲಿ ಇಬ್ಬರೂ ಒಪ್ಪಿಕೊಂಡಿದ್ದರು. ತಪ್ಪುಕಾಣಿಕೆಯ ಕಾಯಿ ಹಿಡಿದ ಪೂಜಾರಿ, ಯಾರ ಹೆಸರಿನಲ್ಲಿ ಎಂದು ಕೇಳಿದ. ಪುಡಿ ಉದುರುವುದನ್ನು ನೋಡಿಯೂ ತಡೆಯದವನು ತಾನು ಎಂದು ಕಿಶನ ಮುಂದೆ ಬಂದ. ಕಸಿದು ಬಡಿಸಿದವಳು ತಾನು ಎಂದು ಹೀರಾ ಅವನನ್ನು ಹಿಂದಕ್ಕೆ ತಳ್ಳಿದಳು. ದೇವಿಯ ಎದುರಿಗೇ ಜಗಳ ಹತ್ತಿತು.

ಪೂಜಾರಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ಎರಡು ಹೆಸರು ಕೂಡಿಸಿ ಒಂದೇ ಕಾಯಿ ಒಡೆಯುವುದು ಗಂಡ ಹೆಂಡತಿಗೆ ಮಾತ್ರ ಎಂದ. "ನೀವು ಗಂಡ ಹೆಂಡ್ತಿಯೋ?"

ಕಿಶನ ಹೀರಾಳ ಕಡೆ ನೋಡಿದ.

"ಇನ್ನೂ ಇಲ್ಲ," ಹೀರಾ ಅಂದಳು. "ಸದ್ಯಕ್ಕೆ ತಪ್ಪು ಮಾತ್ರ ಒಟ್ಟಿಗೆ ಮಾಡಿದ್ದು. ನೀ ಹೆಸರು ಕೂಡ್ಸು, ಉಳಿದದ್ದು ನಾವು ನೋಡ್ಕಳ್ತು."

ಕಾಯಿ ಎರಡು ಹೋಳಾಯಿತು. ಒಂದು ಹೋಳು ದೇವಿಗೆ ಉಳಿಯಿತು, ಇನ್ನೊಂದನ್ನು ಹಿಡಿದುಕೊಂಡು ಅವರು ಮರಳಿನ ಮೇಲೆ ನಡೆದರು. ಸ್ವಲ್ಪ ದೂರ ಹೋದಮೇಲೆ ಕಿಶನ ಸೊಂಟಕ್ಕೆ ಕೈ ಇಟ್ಟು, ದನಿ ಸಣ್ಣ ಮಾಡಿ, 'ತಾವು ಇನ್ನು ನಮ್ಮನೆಗೆ ಬರೂದು ಬೇಡ' ಎಂದು ಹೀರಾಳ ಹಾಗೇ ಅಂದು ತೋರಿಸಿದ.

ಎಷ್ಟು ಚೆನ್ನಾಗಿ ಅಂದನೆಂದರೆ, ಹೀರಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಮತ್ತೆ ಅದನ್ನ ಅಂದ್ರೆ ನೋಡು ನೀನು," ಎಂದಳು.

ಅವನು ನಿಂತುಬಿಟ್ಟ. "ಏನಂದಿ?"

"ಎಂತಾ?"

"'ನೀನು' ಅಂದಿ."

ಹೀರಾ ಕಡಲಿನ ಕಡೆ ಮುಖ ತಿರುಗಿಸಿದಳು. ಕೈ ಮಾತ್ರ, ಅವಳನ್ನು ಕೇಳದೆಯೇ, ಅವನ ಕೈಯನ್ನು ಹುಡುಕಿಕೊಂಡು ಹೋಗಿತ್ತು.